ಒಂದು ದೋಣಿಗೆ ಎಷ್ಟು ಮಂದಿ?

ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ಜಾತ್ರೆ ನೆರೆಯುತ್ತದೆ. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ರೈತರು ತಮ್ಮ ಎತ್ತಿನ ಜೋಡಿಗಳನ್ನು ಸಿಂಗರಿಸಿಕೊಂಡು ಬರುತ್ತಾರೆ. ಮೈಸೂರಿನಿಂದ ಕುಟುಂಬಸಮೇತರಾಗಿ ಬಂದವರು ಕೋದಂಡರಾಮನ ದರ್ಶನ ಪಡೆದು, ಬಂಡೆಗಳ ಮೇಲಿಂದ ಸುಮಾರು ೬೦ ಅಡಿ ಧುಮುಕುವ ಕಾವೇರಿಯನ್ನು ನೋಡಿ, ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಊರಿಗೆ ಹಿಂದಿರುಗುತ್ತಾರೆ. ಈ ಸ್ಥಳವನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಕಟ್ಟೆಯ ಮೇಲ್ಭಾಗದಲ್ಲಿ ನದಿಯು ಕೆರೆಯಂತೆ ತಣ್ಣಗೆ ನಿಂತಿರುತ್ತದೆ. ಕೂಗಳತೆಯ ದೂರದಲ್ಲಿ ಅದೇ ನದಿ ಬಂಡೆಗಳನ್ನು ಗುದ್ದಿ ನೊರೆಗರೆಯುತ್ತದೆ. ನೀರು ಒಂದೇ, ದಿನವೂ ಒಂದೇ. ಮುಖಗಳು ಮಾತ್ರ ಎರಡು.

ಜಲಪಾತದ ಬಾಯಿಯಲ್ಲಿ ದೋಣಿಗೆ ಎಡೆಯಿಲ್ಲವೆಂಬುದು ಸರಿಯೆ. ಆದರೆ ಅದರಿಂದ ದೂರದಲ್ಲಿ, ಮೇಲಕ್ಕೂ ಕೆಳಕ್ಕೂ, ಕಾವೇರಿ ಹೇಮಾವತಿ ಕಪಿಲೆಗಳ ದಡದ ಊರುಗಳಲ್ಲಿ ಹರಿಗೋಲು ತಲೆತಲಾಂತರದಿಂದ ನಡೆದು ಬಂದಿದೆ. ನಮ್ಮ ಸೀಮೆಯ ಜನ ಅದನ್ನು ತೆಪ್ಪವೆಂದೂ ಕರೆಯುವರು. ನೆರೆಯ ತಮಿಳರು ಪರಿಸಲ್ ಎನ್ನುವರು. ಸೇತುವೆಗಳು ಕಟ್ಟಿ ಮುಗಿದ ಮೇಲೆ ಹೊಲಕ್ಕೂ ಸಂತೆಗೂ ಅದನ್ನು ಏರುವವರು ಕಡಿಮೆಯಾದರು. ಸೊಗಸಿಗಾಗಿ ಏರುವವರು ಹೆಚ್ಚಿದರು. ಅಣೆಕಟ್ಟಿನ ಹಿನ್ನೀರಿನಲ್ಲಿ, ತೀರ್ಥಕ್ಷೇತ್ರದ ಸ್ನಾನಘಟ್ಟದಲ್ಲಿ, ರಜೆಯ ದಿನದ ವನಭೋಜನದಲ್ಲಿ ಮಕ್ಕಳು ಮೊದಲು ಕೇಳುವುದೇ "ದೋಣಿಯಲ್ಲಿ ಹೋಗೋಣವೆ?" ಎಂಬ ಮಾತನ್ನು. ಆಗ ತಂದೆತಾಯಿಗಳು ಅಂಬಿಗನನ್ನು ಕೇಳುವುದು "ತಲೆಗೆ ಎಷ್ಟಪ್ಪ?" ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಈ ದೋಣಿಗೆ ಎಷ್ಟು ತಲೆ?

ಪೇಸ್ ಕಂಡ ಬುಟ್ಟಿದೋಣಿ, ಗುಹ ತರಿಸಿದ ನಾವೆಗಳು

ಈ ಪ್ರಶ್ನೆ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ತುಂಗಭದ್ರೆಯನ್ನು ದಾಟುವ ಬಗೆಯನ್ನು ಬಣ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿಗಳು. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ನೆಟ್ಟಗೆ ಸಾಗಲಾರದೆ ಗಿರ್ರನೆ ತಿರುಗುತ್ತಲೇ ಮುಂದುವರಿಯುವ ನಡೆ. ಅವುಗಳಲ್ಲಿ ಹದಿನೈದು ಇಪ್ಪತ್ತು ಮಂದಿ ದಾಟಬಹುದೆಂದೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನು ಸಹ ಸಾಗಿಸುವುದುಂಟೆಂದೂ ಅವನು ಬರೆದನು. ನಮ್ಮ ನಾಡಿನ ಹರಿಗೋಲಿನ ಜನಮಿತಿಯನ್ನು ಕುರಿತು ಬರಹದಲ್ಲಿ ಉಳಿದಿರುವ ಹಳೆಯ ಮಾತುಗಳಲ್ಲಿ ಇದೊಂದು. ೧೮೦೩ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿ ಸಹ ತನ್ನ ಸೈನ್ಯವನ್ನು ಹೊಳೆ ದಾಟಿಸುವ ಸಲುವಾಗಿ ಇಂತಹ ಬುಟ್ಟಿದೋಣಿಗಳನ್ನು ಹೆಣೆಸಿದನು.

ಕೋದಂಡರಾಮನ ಸನ್ನಿಧಿಯಲ್ಲಿ ನಿಂತು ದೋಣಿಯ ಮಾತನಾಡುವಾಗ ಗುಹನನ್ನು ನೆನೆಯದಿರುವುದು ಹೇಗೆ? ರಾಮ ಸೀತೆ ಲಕ್ಷ್ಮಣರನ್ನು ಗಂಗೆ ದಾಟಿಸಿದ ಗುಹನ ಕಥೆಯನ್ನು ಎಲ್ಲರೂ ಬಲ್ಲರು. ಅದೇ ಗುಹನು ಭರತನ ಸೈನ್ಯವನ್ನು ದಾಟಿಸಬೇಕಾಗಿ ಬಂದಾಗ ಏನು ಮಾಡಿದನೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದ ಪ್ರಕಾರ ಅವನ ಆಜ್ಞೆಯಂತೆ ಐದು ನೂರು ನಾವೆಗಳು ಬಂದವು. ಹೆಂಗಸರಿಗೆ ಕೆಲವು, ಕುದುರೆಗಳಿಗೆ ಕೆಲವು, ಬಂಡಿ ವಾಹನಗಳಿಗೆ ಕೆಲವು. ಆನೆಗಳು ಈಜಿ ದಾಟಿದವು. ಅವಸರದಲ್ಲಿದ್ದವನು ರಾಜಕುಮಾರ, ಕಾದು ನಿಂತಿದ್ದುದು ಸೇನೆ. ಆದರೂ ಇದ್ದ ದೋಣಿಗಳಲ್ಲಿಯೇ ಎಲ್ಲರನ್ನೂ ತುರುಕಲಿಲ್ಲ. ಜನ ಹೆಚ್ಚಾದರೆ ದೋಣಿಗಳನ್ನು ಹೆಚ್ಚಿಸಬೇಕೆಂಬ ಸರಳವಾದ ತಿಳಿವಳಿಕೆ ಅಲ್ಲಿದೆ. ನಮ್ಮ ಕಾಲದ ದುರಂತಗಳನ್ನು ಎಣಿಸುವಾಗ ಈ ತಿಳಿವಳಿಕೆಯ ಬೆಲೆ ಅರಿವಾಗುತ್ತದೆ.

ನೀರು ಲೆಕ್ಕ ಹಾಕುವ ಬಗೆ

ದೋಣಿಯು ಎಷ್ಟು ಭಾರವನ್ನು ಹೊರಬಲ್ಲುದು? ಶಾಲೆಯಲ್ಲಿ ಕಲಿತ ಆರ್ಕಿಮಿಡೀಸನ ತತ್ತ್ವವೇ ಇಲ್ಲಿಗೂ ಸಾಕು. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಮೂರು ಮೀಟರ್ ಅಡ್ಡಳತೆಯ, ೬೦ ಸೆಂಟಿಮೀಟರ್ ಆಳದ ಒಂದು ಹರಿಗೋಲನ್ನು ತೆಗೆದುಕೊಳ್ಳೋಣ. ಲೆಕ್ಕದ ಸೌಕರ್ಯಕ್ಕಾಗಿ ಅದರ ತಳ ಚಪ್ಪಟೆಯೆಂದೂ ಬದಿಗಳು ನೆಟ್ಟಗಿವೆಯೆಂದೂ ಇಟ್ಟುಕೊಂಡರೆ, ಅದು ನೀರಿನಲ್ಲಿ ಒಂದು ಸೆಂಟಿಮೀಟರ್ ಇಳಿಯಬೇಕಾದರೆ ಸುಮಾರು ೭೦ ಕಿಲೋ ಭಾರ ಬೇಕು. ಎಂದರೆ ಒಬ್ಬ ಆಳು ಹತ್ತಿ ಕುಳಿತರೆ ಹರಿಗೋಲು ಒಂದೇ ಒಂದು ಸೆಂಟಿಮೀಟರ್ ತಗ್ಗುತ್ತದೆ!

ಮೋಸವಿರುವುದು ಇಲ್ಲಿಯೇ. ಹತ್ತು ಮಂದಿ ಹತ್ತಿದರೂ, ಹರಿಗೋಲಿನ ಸ್ವಂತ ಭಾರವನ್ನು ಸೇರಿಸಿ, ಮುಳುಗುವುದು ೧೨ ಸೆಂಟಿಮೀಟರ್ ಮಾತ್ರ. ನೀರಿನಿಂದ ಮೇಲೆ ೪೮ ಸೆಂಟಿಮೀಟರ್ ಅಂಚು ಉಳಿದಿರುತ್ತದೆ. ಇಪ್ಪತ್ತು ಮಂದಿ ಹತ್ತಿದರೂ ೩೮ ಸೆಂಟಿಮೀಟರ್ ಉಳಿಯುತ್ತದೆ. ದಡದಲ್ಲಿ ನಿಂತು ನೋಡಿದವರಿಗೆ "ಇನ್ನೂ ಬೇಕಾದಷ್ಟು ಜಾಗವಿದೆ" ಎಂದೇ ತೋರುವುದು. ಅಂಬಿಗನಿಗೂ ಹಾಗೆಯೇ ತೋರುವುದು. ಎಲ್ಲರೂ ಗೊಂಬೆಗಳಂತೆ ಕುಳಿತಲ್ಲಿಯೇ ಕುಳಿತಿದ್ದರೆ ಅದು ನಿಜವೂ ಹೌದು.

ಆದರೆ ಮನುಷ್ಯರು ಅಕ್ಕಿಯ ಮೂಟೆಗಳಲ್ಲ. ಹಕ್ಕಿಯೊಂದು ಹಾರಿದರೆ ತಿರುಗಿ ನೋಡುತ್ತಾರೆ. ಮಗುವಿನ ಟೋಪಿ ನೀರಿಗೆ ಬಿದ್ದರೆ ಬಾಗುತ್ತಾರೆ. ಫೋಟೋ ತೆಗೆಸಿಕೊಳ್ಳಲು ಎದ್ದು ಒಂದೆಡೆ ಗುಂಪುಗೂಡುತ್ತಾರೆ. ಅದೇ ಹರಿಗೋಲಿನಲ್ಲಿ ಒಂದು ಅಂಚಿನ ಬಳಿ ಕುಳಿತಿದ್ದ ಐದು ಮಂದಿ ಎದ್ದು ಎದುರಿನ ಅಂಚಿಗೆ ಬಂದರೆಂದು ಎಣಿಸಿರಿ. ಆ ಕಡೆಯ ಅಂಚು ಸರಿಸುಮಾರು ೩೫ರಿಂದ ೪೦ ಸೆಂಟಿಮೀಟರ್ ಕೆಳಕ್ಕೆ ಬಾಗುತ್ತದೆ. ಹತ್ತು ಮಂದಿಯಿದ್ದ ದೋಣಿಯಲ್ಲಾದರೆ ಹತ್ತಾರು ಸೆಂಟಿಮೀಟರ್ ಅಂಚು ಆಗಲೂ ಮಿಕ್ಕಿರುತ್ತದೆ. ಎಲ್ಲರೂ ಬೆಚ್ಚಿ, ಅಂಬಿಗನಿಂದ ಬೈಸಿಕೊಂಡು, ಮತ್ತೆ ತಮ್ಮ ತಮ್ಮ ಸ್ಥಳದಲ್ಲಿ ಕುಳಿತುಕೊಳ್ಳುವರು. ಇಪ್ಪತ್ತು ಮಂದಿಯಿದ್ದ ದೋಣಿಯಲ್ಲಾದರೆ ಅಂಚು ನೀರನ್ನು ಮುಟ್ಟಿಬಿಡುತ್ತದೆ. ಒಮ್ಮೆ ನೀರು ಒಳಹೊಕ್ಕಿತೆಂದರೆ ಅದು ತಗ್ಗಿದ ಕಡೆಗೇ ಓಡುತ್ತದೆ. ತಗ್ಗಿದ್ದು ಇನ್ನಷ್ಟು ತಗ್ಗುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಕೆಲವು ಕ್ಷಣಗಳ ಮಾತು. ನಿಜವಾದ ಹರಿಗೋಲಿನ ಬದಿಗಳು ಬಟ್ಟಲಿನಂತೆ ಓರೆಯಾಗಿರುವುದರಿಂದ ಅದರ ಪಾಡು ಈ ಲೆಕ್ಕಕ್ಕಿಂತ ಸ್ವಲ್ಪ ಕೆಟ್ಟದ್ದೇ ಹೊರತು ಒಳ್ಳೆಯದಲ್ಲ.

ಆದುದರಿಂದ ದೋಣಿಯ ಜನಮಿತಿ ಎಂಬುದು ಅದು ಎಷ್ಟು ಭಾರಕ್ಕೆ ಮುಳುಗುತ್ತದೆಂಬ ಲೆಕ್ಕವಲ್ಲ. ಜನ ಹೆದರಿ ಅಲುಗಾಡಿದಾಗಲೂ, ಗಾಳಿ ಎದ್ದಾಗಲೂ, ಉಳಿಯಬೇಕಾದ ಅಂಚಿನ ಲೆಕ್ಕ. ಖಾಲಿಯೆಂದು ಕಾಣುವ ಆ ಸ್ಥಳವು ಇನ್ನಿಬ್ಬರಿಗಾಗಿ ಬಿಟ್ಟ ಜಾಗವಲ್ಲ; ಈಗಾಗಲೇ ಕುಳಿತಿರುವವರ ಪ್ರಾಣಕ್ಕೆಂದು ಇಟ್ಟ ಮೀಸಲು.

ದೋಣಿಗೂ ವಯಸ್ಸಾಗುತ್ತದೆ

ಹೊಸ ದೋಣಿಗೆ ಗೊತ್ತುಮಾಡಿದ ಸಂಖ್ಯೆ ಹಳೆಯ ದೋಣಿಗೂ ಸಲ್ಲುವುದೆ? ಇಲ್ಲವೆಂಬುದನ್ನು ಹರಿಗೋಲೇ ಹೇಳುತ್ತದೆ. ಹಿಂದೆ ಬಿದಿರಿನ ಹೆಣಿಗೆಗೆ ಎಮ್ಮೆಯ ಅಥವಾ ದನದ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುವುದುಂಟು. ಫೈಬರಿನ ಹರಿಗೋಲುಗಳೂ ಬಂದಿವೆ. ಬಿದಿರು ನೆನೆದು ಒಣಗಿ, ಒಣಗಿ ನೆನೆದು, ಕ್ರಮೇಣ ಸತ್ತ್ವ ಕಳೆದುಕೊಳ್ಳುತ್ತದೆ. ಸೋರಿದಲ್ಲೆಲ್ಲ ತೇಪೆ ಬೀಳುತ್ತದೆ. ತೇಪೆಯ ಮೇಲೆ ಡಾಂಬರು, ಡಾಂಬರಿನ ಮೇಲೆ ಮತ್ತೊಂದು ತೇಪೆ. ಹೀಗೆ ದೋಣಿಯ ಭಾರ ಏರುತ್ತ ಬಲ ಇಳಿಯುತ್ತದೆ. ಬುಟ್ಟಿ ಹಳತಾದಂತೆ ಅದರ ಅಂಚು ಸಡಿಲಗೊಂಡು, ಭಾರ ಬಿದ್ದ ಕಡೆಗೆ ಜೋಲುತ್ತದೆ. ಆದರೆ "ಹನ್ನೆರಡು ಮಂದಿ ಹೋಗಬಹುದು" ಎಂಬ ಬಾಯಿಮಾತು ಮಾತ್ರ ಹೊಸದರಲ್ಲಿ ಇದ್ದಂತೆಯೇ ಉಳಿದಿರುತ್ತದೆ.

ಹಳೆಯ ದೋಣಿ, ಹಳೆಯ ಲೆಕ್ಕ ಇವೆರಡೂ ಕೂಡಿದಾಗ ಏನಾಗಬಹುದೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಸಾಕ್ಷಿ. ನ್ಯೂಯಾರ್ಕ್ ಸಂಸ್ಥಾನದ ಲೇಕ್ ಜಾರ್ಜ್ ಎಂಬ ಸರೋವರದಲ್ಲಿ 'ಈಥನ್ ಅಲೆನ್' ಎಂಬ ೪೦ ಅಡಿ ಉದ್ದದ ವಿಹಾರದೋಣಿಯಿತ್ತು. ೧೯೬೦ರ ದಶಕದಲ್ಲಿ ಕಟ್ಟಿದ ದೋಣಿ. ಅದಕ್ಕೆ ೪೮ ಪ್ರಯಾಣಿಕರ ಪರವಾನೆಯಿತ್ತು. ೨೦೦೫ರ ಅಕ್ಟೋಬರ್ ೨ರಂದು ೪೭ ಪ್ರಯಾಣಿಕರು ಅದರಲ್ಲಿದ್ದರು. ಅವರಲ್ಲಿ ಹೆಚ್ಚಿನವರು ವೃದ್ಧರು. ನಿಯಮದ ಪ್ರಕಾರ ಒಬ್ಬರೂ ಹೆಚ್ಚಿರಲಿಲ್ಲ. ಆದರೂ ಅಲೆಯೊಂದಕ್ಕೆ ವಾಲಿದ ದೋಣಿ ಮತ್ತೆ ನೆಟ್ಟಗಾಗಲಿಲ್ಲ, ಮಗುಚಿಕೊಂಡಿತು. ಇಪ್ಪತ್ತು ಮಂದಿ ಮಡಿದರು.

ತನಿಖೆಯಲ್ಲಿ ಹೊರಬಿದ್ದ ಸಂಗತಿ ಆಲೋಚನೆಗೆ ತಕ್ಕುದಾಗಿದೆ. ಆ ೪೮ರ ಲೆಕ್ಕವು ಒಬ್ಬೊಬ್ಬ ಪ್ರಯಾಣಿಕನ ತೂಕ ಸರಾಸರಿ ೧೪೦ ಪೌಂಡು, ಎಂದರೆ ಸುಮಾರು ೬೪ ಕಿಲೋ, ಎಂಬ ಎಣಿಕೆಯ ಮೇಲೆ ನಿಂತಿತ್ತು. ಕಾಲ ಸರಿದಂತೆ ಜನರ ತೂಕ ಏರಿತ್ತು. ಇದರ ಜೊತೆಗೆ ದೋಣಿಯ ಮೇಲಿದ್ದ ಬಟ್ಟೆಯ ಮೇಲ್ಕಟ್ಟನ್ನು ತೆಗೆದು ಮರದ ಚಾವಣಿಯನ್ನು ಹಾಕಿದ್ದರು. ಮೇಲ್ಭಾಗದ ಭಾರ ಹೆಚ್ಚಿ ಸ್ಥಿರತೆ ಕುಗ್ಗಿತ್ತು. ಆದರೆ ಪರವಾನೆಯ ಅಂಕಿಯನ್ನು ಯಾರೂ ಮತ್ತೆ ಲೆಕ್ಕ ಹಾಕಿರಲಿಲ್ಲ. ಹೊಸದಾಗಿ ಲೆಕ್ಕ ಹಾಕಿದಾಗ ಆ ದೋಣಿಗೆ ಸಲ್ಲುತ್ತಿದ್ದುದು ಕೇವಲ ೧೪ ಮಂದಿ ಎಂದು ತಿಳಿದುಬಂದಿತು! ಆ ದೇಶದ ಕರಾವಳಿ ರಕ್ಷಣಾ ಪಡೆಯು ಪ್ರಯಾಣಿಕರ ಸರಾಸರಿ ತೂಕವನ್ನು ೧೬೦ ಪೌಂಡಿನಿಂದ ೧೮೫ ಪೌಂಡಿಗೆ, ಎಂದರೆ ೮೪ ಕಿಲೋಗೆ, ಏರಿಸಿ ಎಲ್ಲ ದೋಣಿಗಳ ಲೆಕ್ಕವನ್ನೂ ತಿದ್ದುವ ನಿಯಮವನ್ನು ೨೦೧೧ರ ಡಿಸೆಂಬರಿನಲ್ಲಿ ಜಾರಿಗೆ ತಂದಿತು.

ಅದೇ ದೇಶದಲ್ಲಿ ೧೯೭೨ರ ನವೆಂಬರಿನಿಂದೀಚೆಗೆ ಕಟ್ಟುವ ೨೦ ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಲ್ಲಿ, ಎಷ್ಟು ಮಂದಿ ಎಷ್ಟು ಭಾರ ಎಂದು ಬರೆದ ಫಲಕವೊಂದನ್ನು ಕಾಣುವಂತೆ ಹಚ್ಚಬೇಕು. ಅದಕ್ಕೂ ಹಿಂದಿನ, ಫಲಕವಿಲ್ಲದ ಹಳೆಯ ದೋಣಿಗಳಿಗಾಗಿ ಒಂದು ಕೈಲೆಕ್ಕ ರೂಢಿಯಲ್ಲಿದೆ. ದೋಣಿಯ ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಅಳೆದು, ಎರಡನ್ನೂ ಗುಣಿಸಿ, ಬಂದುದನ್ನು ೧೫ರಿಂದ ಭಾಗಿಸಬೇಕು. ೧೫ ಅಡಿ ಉದ್ದ, ೫ ಅಡಿ ಅಗಲದ ದೋಣಿಯಾದರೆ ಐದು ಮಂದಿ. ಅದೂ ಗಾಳಿಮಳೆಯಿಲ್ಲದ ಶಾಂತವಾದ ನೀರಿನಲ್ಲಿ. ಈ ಸೂತ್ರ ದುಂಡು ದೋಣಿಗಾಗಿ ಹುಟ್ಟಿದುದಲ್ಲ. ಆದರೂ ಕುತೂಹಲಕ್ಕೆಂದು ಹತ್ತಡಿಯ ಹರಿಗೋಲಿಗೆ ಅನ್ವಯಿಸಿದರೆ ಬರುವ ಉತ್ತರ ಆರು. ಪೇಸ್ ಹೇಳಿದ ಹದಿನೈದು ಇಪ್ಪತ್ತೆಲ್ಲಿ, ಈ ಆರೆಲ್ಲಿ? ಪೇಸನು ತಾನು ಕಂಡ ದೋಣಿಗಳ ಅಳತೆಯನ್ನು ಹೇಳಲಿಲ್ಲ. ಅಷ್ಟು ಮಂದಿ ದಾಟಬಲ್ಲರೆಂದನೇ ವಿನಾ, ಗಾಳಿಗೆ ಸಿಕ್ಕಿ ಅಂಜಿದಾಗ ಅಷ್ಟು ಮಂದಿಯೂ ಉಳಿಯಬಲ್ಲರೆಂದು ಹೇಳಲಿಲ್ಲ. ಈ ಎರಡು ಮಾತುಗಳ ನಡುವಣ ಅಂತರವನ್ನು ಅಳೆಯುವುದೇ ನಿಯಮದ ಕೆಲಸ.

ಗೆರೆ ಎಳೆಯುವವರು ಯಾರು?

ಸಂಖ್ಯೆಯೊಂದಿರಬೇಕೆಂದು ಒಪ್ಪಿದರಾಯಿತೆ? ಅದನ್ನು ಗೊತ್ತುಮಾಡುವವರು ಯಾರೆಂಬುದೂ ಅಷ್ಟೇ ಮುಖ್ಯ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಪಾರ್ಲಿಮೆಂಟು ಸದಸ್ಯನಿದ್ದನು. ವಿಮೆಯ ಹಣದ ಭರವಸೆಯ ಮೇಲೆ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ, ನಾವಿಕರನ್ನು ಸಾವಿನ ಬಾಯಿಗೆ ಕಳುಹುತ್ತಿದ್ದ ಮಾಲೀಕರ ವಿರುದ್ಧ ಅವನು ವರ್ಷಗಟ್ಟಲೆ ಹೋರಾಡಿದನು. ಅದರ ಫಲವಾಗಿ ೧೮೭೬ರಲ್ಲಿ ಕಾನೂನು ಬಂದಿತು. ಹಡಗಿನ ಬದಿಯಲ್ಲಿ ಒಂದು ಗೆರೆ ಬಳಿಯಬೇಕು. ಆ ಗೆರೆ ಮುಳುಗುವಷ್ಟು ಸರಕು ತುಂಬಕೂಡದು. ಇಂದಿಗೂ ಲೋಕದ ಹಡಗುಗಳ ಮೈಮೇಲಿರುವ ಭಾರರೇಖೆಗೆ ಪ್ಲಿಮ್ಸಾಲ್ ರೇಖೆಯೆಂದೇ ಹೆಸರು.

ಆದರೆ ಆ ಮೊದಲ ಕಾನೂನಿನಲ್ಲಿ ಒಂದು ವಿನೋದವಿತ್ತು. ಗೆರೆ ಇರಬೇಕೆಂದು ವಿಧಿಸಿದ ಕಾನೂನು, ಅದು ಎಲ್ಲಿರಬೇಕೆಂಬುದನ್ನು ಮಾಲೀಕನಿಗೇ ಬಿಟ್ಟಿತ್ತು. ಮಾಲೀಕನು ತನ್ನ ಮನಸ್ಸಿಗೆ ಬಂದಲ್ಲಿ ಗೆರೆ ಬಳಿದುಕೊಳ್ಳಬಹುದಾಗಿತ್ತು. ಗೆರೆಯ ಸ್ಥಾನವನ್ನು ಸರಕಾರವೇ ನಿಶ್ಚಯಿಸುವ ಕಾನೂನು ಬರಲು ೧೮೯೦ರವರೆಗೆ ಕಾಯಬೇಕಾಯಿತು. ಸೀಟು ಮಾರುವವನೇ ಸೀಟುಗಳ ಸಂಖ್ಯೆಯನ್ನೂ ಗೊತ್ತುಮಾಡಿದರೆ ನಿಯಮವಿದ್ದೂ ಇಲ್ಲದಂತೆ ಎಂಬುದನ್ನು ಕಲಿಯಲು ಹದಿನಾಲ್ಕು ವರ್ಷಗಳು ಹಿಡಿದವು.

ನಮ್ಮ ದೇಶದಲ್ಲಿ ಒಳನಾಡಿನ ಜಲಮಾರ್ಗಗಳಿಗೆ ೧೯೧೭ರಲ್ಲಿಯೇ ಕಾಯಿದೆ ಬಂದಿತು. ದೋಣಿಯನ್ನು ತಪಾಸಣೆ ಮಾಡಿಸಬೇಕು, ಪ್ರಮಾಣಪತ್ರ ಪಡೆಯಬೇಕು, ಅದರಲ್ಲಿ ಹೇಳಿದುದಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹತ್ತಿಸಿದರೆ ದಂಡ ತೆರಬೇಕು ಎಂಬ ವಿಧಿಗಳು ಅದರಲ್ಲಿದ್ದವು. ಆದರೆ ಅದು ಹಬೆಯಿಂದಲೋ ಎಂಜಿನ್ನಿನಿಂದಲೋ ನಡೆಯುವ ದೋಣಿಗಳಿಗೆ ಮಾತ್ರ. ಹುಟ್ಟಿನಿಂದ ನಡೆಯುವ ಹರಿಗೋಲು ಅದರ ಕಣ್ಣಿಗೆ ಬೀಳಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಬಾಳಿದ ಆ ಕಾಯಿದೆಯ ಸ್ಥಾನದಲ್ಲಿ ೨೦೨೧ರ ಒಳನಾಡು ಹಡಗುಗಳ ಕಾಯಿದೆ ಬಂದಿದೆ. ಯಂತ್ರವಿಲ್ಲದ ದೋಣಿಗಳಿಗೂ ಅದರಲ್ಲಿ ಅವಕಾಶ ಕಲ್ಪಿಸಿದ್ದಾರೆ. ಅವುಗಳನ್ನು ಪಟ್ಟಿಗೆ ಸೇರಿಸುವುದು, ಅವುಗಳ ಕಟ್ಟಣೆಗೂ ಸುರಕ್ಷತೆಗೂ ಕನಿಷ್ಠ ಮಟ್ಟವನ್ನು ಗೊತ್ತುಮಾಡುವುದು, ಈ ಕೆಲಸವನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿಕೊಡುವುದು ಮುಂತಾದ ಮಾತುಗಳಿವೆ. ಇದಕ್ಕೆ ಮುನ್ನವೇ, ೨೦೧೭ರಲ್ಲಿ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ದೋಣಿಗಳ ಸುರಕ್ಷತೆಗೆಂದೇ ಮಾರ್ಗಸೂಚಿಯನ್ನು ಹೊರಡಿಸಿತ್ತು. ಕಾಗದದ ಮೇಲಿನ ಮಾತು ನೀರಿನ ಅಂಚಿಗೆ ಇಳಿದುಬರಬೇಕು. ದೂರದ ರಾಜಧಾನಿಯಿಂದ ಯಾರೋ ಬಂದು ಹರಿಗೋಲನ್ನು ಅಳೆಯಲಾರರು. ಅಳೆಯುವುದು ಆ ಊರಿನ ಪಂಚಾಯಿತಿಯವರಿಂದ ಸಾಧ್ಯ.

ನಾವು ತೆತ್ತ ಬೆಲೆ

ಇವೆಲ್ಲ ಪರದೇಶದ ಮಾತಾಯಿತೆಂದು ಓದುಗರು ಎಣಿಸಬಾರದು. ನಮ್ಮಲ್ಲಿಯೂ ಜಾತ್ರೆಯ ದಿನವೇ ಗೋಳಿನ ದಿನವಾದುದುಂಟು. ಕಾರವಾರದ ಸಮುದ್ರದಲ್ಲಿ ಕೂರ್ಮಗಡವೆಂಬ ದ್ವೀಪವಿದೆ. ಅಲ್ಲಿ ವರ್ಷಕ್ಕೊಮ್ಮೆ ನರಸಿಂಹದೇವರ ಜಾತ್ರೆ. ೨೦೧೯ರ ಜನವರಿ ೨೧ರಂದು ಜಾತ್ರೆಗೆ ಬಂದವರನ್ನು ಹೊತ್ತ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿತು. ಅದರಲ್ಲಿ ಮೂವತ್ತೈದರಷ್ಟು ಮಂದಿ ಇದ್ದರು. ಹದಿನಾರು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು.

ಅದು ಕಡಲು, ಎಂಜಿನ್ ದೋಣಿ ಎಂದರೆ, ಹೊಳೆಯಲ್ಲಿ ಹರಿಗೋಲಿನ ಕಥೆಯೂ ಇದೆ. ೨೦೨೦ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ರಾಯಚೂರು ತಾಲ್ಲೂಕಿನ ನಡುಗಡ್ಡೆಯೊಂದರ ಜನಕ್ಕೆ ಹೊರಗಿನ ಲೋಕವನ್ನು ಮುಟ್ಟಲು ಹರಿಗೋಲೇ ಗತಿ. ಒಂದೇ ಹರಿಗೋಲಿನಲ್ಲಿ ಹದಿಮೂರು ಮಂದಿ ಹೊರಟಿದ್ದರು. ಅದು ಮಗುಚಿ ಒಂಬತ್ತು ಮಂದಿ ಬದುಕಿದರು. ನಾಲ್ವರು ಹೊಳೆಯ ಪಾಲಾದರು. ಇಲ್ಲಿ ಜನರನ್ನು ದೂರುವುದು ಸುಲಭ, ನ್ಯಾಯವಲ್ಲ. ಸೊಗಸಿಗೆಂದು ದೋಣಿ ಏರುವವನು ಬೇಡವೆನ್ನಬಲ್ಲ. ಉಪ್ಪು ಬೇಳೆಗಾಗಿ ಹೊಳೆ ದಾಟಬೇಕಾದವನು ಬೇಡವೆನ್ನಲಾರ. ಅಂತಹ ಕಡೆ ಜನಮಿತಿಯ ನಿಯಮಕ್ಕೆ ಅರ್ಥ ಬರಬೇಕಾದರೆ ಇನ್ನೊಂದು ಹರಿಗೋಲಾದರೂ ಇರಬೇಕು, ಕೊನೆಗೆ ಸೇತುವೆಯಾದರೂ ಆಗಬೇಕು.

ನೆರೆಯ ಕೇರಳದ ಎರಡು ದುರಂತಗಳು ಇನ್ನೆರಡು ಪಾಠಗಳನ್ನು ಕಲಿಸುತ್ತವೆ. ತೇಕ್ಕಡಿಯ ಸರೋವರದಲ್ಲಿ ೨೦೦೯ರ ಸೆಪ್ಟೆಂಬರ್ ೩೦ರಂದು ವಿಹಾರದೋಣಿ ಮಗುಚಿ ೪೫ ಮಂದಿ ಮಡಿದರು. ದಡದ ವನ್ಯಮೃಗಗಳನ್ನು ನೋಡಲೆಂದು ಪ್ರಯಾಣಿಕರು ಒಂದೇ ಬದಿಗೆ ಸರಿದರೆಂದು ಆಗ ವರದಿಯಾಗಿತ್ತು. ಬೇಸಗೆಯಲ್ಲಿ ಆನೆಗಳ ಹಿಂಡು ನೀರಿಗಿಳಿಯುವುದನ್ನು ನೋಡಲು ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿಗೆ ಹೋಗುವ ನಮ್ಮವರು ಇದನ್ನು ಮರೆಯಬಾರದು. ತಾನೂರಿನಲ್ಲಿ ೨೦೨೩ರ ಮೇ ೭ರಂದು ಮಗುಚಿದ ದೋಣಿಯಂತೂ ಮೊದಲು ಮೀನು ಹಿಡಿಯುವ ದೋಣಿಯಾಗಿದ್ದುದು. ಅದನ್ನೇ ಮಾರ್ಪಡಿಸಿ ವಿಹಾರಕ್ಕೆ ಬಿಟ್ಟಿದ್ದರು. ೨೨ ಮಂದಿ ಸತ್ತರು. ಅವರಲ್ಲಿ ಬಹಳ ಮಂದಿ ಮಕ್ಕಳು. ಒಂದು ಕೆಲಸಕ್ಕೆ ಕಟ್ಟಿದ ಹಳೆಯ ದೋಣಿಯನ್ನು ಇನ್ನೊಂದು ಕೆಲಸಕ್ಕೆ ತಿರುಗಿಸಿದಾಗ ಅದರ ಮಿತಿಯನ್ನು ಮೊದಲಿನಿಂದ ಎಣಿಸಬೇಕೆಂಬುದನ್ನು ಈಥನ್ ಅಲೆನ್ ಎಂದೋ ಹೇಳಿತ್ತು.

ದಡದಲ್ಲಿ ನಿಂತಾಗ

ಇನ್ನು ನಮ್ಮ ಕೈಯಲ್ಲಿರುವುದೇನು? ಮೊದಲನೆಯದು, ಎಣಿಕೆ. ಎಣಿಸುವಾಗ ಅಂಬಿಗನನ್ನೂ ಸೇರಿಸಬೇಕು. ಮಡಿಲ ಮಕ್ಕಳನ್ನು "ಅದೇನು ಮಹಾ ತೂಕ" ಎಂದು ಬಿಟ್ಟುಬಿಡುವುದುಂಟು; ಆದರೆ ದೋಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಚಲಿಸುವವರು ಅವರೇ. ಮಕ್ಕಳನ್ನೂ ಒಂದೊಂದು ತಲೆಯೆಂದೇ ಲೆಕ್ಕ ಹಿಡಿಯಬೇಕು. ಭತ್ತದ ಮೂಟೆಯೊಂದು ಒಬ್ಬ ಆಳಿಗೆ ಸಮ. ಕೆಲವು ಕಡೆ ಹರಿಗೋಲಿನಲ್ಲಿ ಮೋಟಾರು ಸೈಕಲ್ಲನ್ನೇ ಏರಿಸಿ ನಿಲ್ಲಿಸುವರು. ಅದು ಇಬ್ಬರಷ್ಟು ಭಾರ, ಅದೂ ಎತ್ತರದಲ್ಲಿ ನಿಂತ ಭಾರ.

ಎರಡನೆಯದು, ಕುಳಿತುಕೊಳ್ಳುವ ರೀತಿ. ಹರಿಗೋಲಿನಲ್ಲಿ ತಳದ ಮೇಲೆಯೇ ಕೂರಬೇಕು, ಅಂಚಿನ ಮೇಲಲ್ಲ. ಸುತ್ತಲೂ ಸಮನಾಗಿ ಹಂಚಿಕೊಂಡು ಕೂರಬೇಕು. ಅಂಬಿಗನು ಮೋಜಿಗೆಂದು ದೋಣಿಯನ್ನು ಬುಗುರಿಯಂತೆ ತಿರುಗಿಸುವುದುಂಟು; ಬೇಡವೆನ್ನಲು ಸಂಕೋಚಪಡಬಾರದು. ಫೋಟೋ ದಡದಲ್ಲಿ ತೆಗೆದರೂ ಚೆನ್ನಾಗಿಯೇ ಬರುತ್ತದೆ.

ಮೂರನೆಯದು, ಲೈಫ್ ಜಾಕೆಟ್ಟು. ದೋಣಿಯ ಮೂಲೆಯಲ್ಲಿ ರಾಶಿ ಹಾಕಿದ ಜಾಕೆಟ್ಟು ಯಾರನ್ನೂ ಉಳಿಸುವುದಿಲ್ಲ. ಅದು ಮೈಮೇಲಿರಬೇಕು, ಪಟ್ಟಿ ಬಿಗಿದಿರಬೇಕು, ಮಗುವಿಗೆ ಮಗುವಿನ ಅಳತೆಯದೇ ಇರಬೇಕು. ಎಷ್ಟು ಜಾಕೆಟ್ಟುಗಳಿವೆಯೋ ಅಷ್ಟಕ್ಕಿಂತ ಹೆಚ್ಚು ಮಂದಿ ಹತ್ತಕೂಡದೆಂದರೆ, ಮಿತಿಯನ್ನು ಕಾಯುವ ಒಂದು ಸುಲಭವಾದ ಉಪಾಯವೂ ದೊರೆತಂತಾಯಿತು.

ನಾಲ್ಕನೆಯದು ಸ್ವಲ್ಪ ಕಷ್ಟದ್ದು. ಅಂಬಿಗನ ಸಂಪಾದನೆ ತಲೆಯ ಲೆಕ್ಕದ್ದು. ವರ್ಷದಲ್ಲಿ ಕೆಲವೇ ದಿನಗಳ ಜಾತ್ರೆ, ಕೆಲವೇ ವಾರಗಳ ರಜೆ. 'ಗಾಳಿ ಬಂದಾಗ ತೂರಿಕೊ' ಎಂಬಂತೆ ಅವನು ಆ ದಿನಗಳಲ್ಲಿ ಎರಡು ಕಾಸು ಕಾಣಬೇಕು. "ಬನ್ನಿ ಅಮ್ಮಾವ್ರೇ, ಇನ್ನಿಬ್ಬರು ತಾನೆ" ಎಂದು ಅವನು ಕರೆಯುವುದರ ಹಿಂದೆ ಅವನ ಮನೆಯ ಒಲೆಯಿದೆ. ಆದರೆ ದಡದಲ್ಲಿ "ನಮ್ಮನ್ನೂ ಹತ್ತಿಸಿಕೊಳ್ಳಪ್ಪ, ಹೊತ್ತಾಯಿತು" ಎಂದು ಒತ್ತಾಯಿಸುವವರು ಯಾರು? ನಾವೇ ಅಲ್ಲವೆ? ಹತ್ತು ಮಂದಿಯ ಕುಟುಂಬ ಒಂದೇ ದೋಣಿಯಲ್ಲಿ ಕೂಡಿ ಹೋಗಬೇಕೆಂಬ ಹಟವನ್ನು ಬಿಟ್ಟು, ಐದೈದು ಮಂದಿ ಎರಡು ಸರದಿಯಲ್ಲಿ ಹೋದರೆ ಅಂಬಿಗನಿಗೆ ಬರಬೇಕಾದ ಹಣವೂ ಬರುತ್ತದೆ, ಕಾಯುವುದು ಅರ್ಧ ಗಂಟೆ ಮಾತ್ರ. "ಬೇಡಪ್ಪ, ಮುಂದಿನ ಸಲ ಬರುತ್ತೇವೆ" ಎಂಬ ಒಂದು ಮಾತು ಅಂಬಿಗನಿಗೆ ಅವಮಾನವಲ್ಲ. ಅವನಿಗೂ ಅದು ರಕ್ಷಣೆಯೇ. ಮಗುಚಿದ ದೋಣಿಯಲ್ಲಿ ಅಂಬಿಗನೂ ಇರುತ್ತಾನೆ.

ಪಂಚಾಯಿತಿಯವರು ಮಾಡಬೇಕಾದುದು ಇಷ್ಟು. ಘಟ್ಟದಲ್ಲಿರುವ ಪ್ರತಿಯೊಂದು ದೋಣಿಯನ್ನೂ ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಅಳೆದು ನೋಡಿ, ಅದರ ಹೊರಮೈಯಲ್ಲಿ ದಪ್ಪ ಅಕ್ಷರಗಳಿಂದ ಒಂದು ಸಂಖ್ಯೆಯನ್ನು ಬರೆಸಬೇಕು. ಹಳತಾದಂತೆ ಆ ಸಂಖ್ಯೆಯನ್ನು ಇಳಿಸಬೇಕು. ಅಕ್ಷರ ಬಲ್ಲ ಮಗುವೂ ಓದುವಂತಿರಬೇಕು. ಮಕ್ಕಳು ಓದಿದರೆ ದೊಡ್ಡವರಿಗೆ ಹೇಳದೆ ಬಿಡುವುದಿಲ್ಲ. ಇದಕ್ಕೆ ಬೇಕಾದುದು ಒಂದು ಅಳತೆಯ ಪಟ್ಟಿ, ಒಂದು ಡಬ್ಬಿ ಬಣ್ಣ, ಒಂದು ದಿನದ ಶ್ರಮ.

ಜಾತ್ರೆಗೆ ಹೊರಡುವಾಗ, ಗುಡಿಯಿಂದ ಹೊರಬರುವಾಗ, ಬಸ್ಸು ಹತ್ತುವಾಗ, ಮನೆಯ ಅಜ್ಜಿಯರು ಮಕ್ಕಳ ತಲೆ ಎಣಿಸುವುದು ನಮ್ಮಲ್ಲಿ ರೂಢಿ. ದೋಣಿ ಏರುವ ಮುನ್ನ ಇನ್ನೊಮ್ಮೆ ಎಣಿಸೋಣ. ಆ ಒಂದು ಸಲ ಮಾತ್ರ ನಮ್ಮ ಮನೆಯವರನ್ನಷ್ಟೇ ಅಲ್ಲ, ಅದರಲ್ಲಿ ಕುಳಿತಿರುವ ಎಲ್ಲರನ್ನೂ.